ಬಿಸಿಲುಗಾಲದ ಉಬ್ಬಸ: ಮನೆಯ ಉಪಚಾರವೂ ಅದರ ಎಲ್ಲೆಯೂ

ಉಬ್ಬಸವೆಂದೊಡನೆ ನಮ್ಮ ಜನರ ಮನಸ್ಸಿಗೆ ಬರುವುದು ಮಳೆ, ಚಳಿ, ಮಂಜು. ಶ್ರಾವಣದ ತಣ್ಣನೆಯ ಗಾಳಿ ಬೀಸುವಾಗಲೂ ಪುಷ್ಯ ಮಾಘಗಳ ಚಳಿ ಕೊರೆಯುವಾಗಲೂ ಈ ವ್ಯಾಧಿಯುಳ್ಳವರು ಕಿವಿಗೆ ವಸ್ತ್ರವನ್ನು ಸುತ್ತಿಕೊಂಡು ಎಚ್ಚರದಿಂದಿರುವುದುಂಟು. ಯುಗಾದಿ ಕಳೆದು ಬಿಸಿಲು ಬಲಿತಿತೆಂದರೆ, ಇನ್ನು ಮೃಗಶಿರ ಮಳೆಯವರೆಗೆ ಭಯವಿಲ್ಲವೆಂದು ಪ್ರತಿನಿತ್ಯದ ಔಷಧವನ್ನೂ ಗೂಡಿನಲ್ಲಿಟ್ಟು ಮರೆತುಬಿಡುವರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಈ ನಂಬಿಕೆಯು ಅಪಾಯಕರವಾದುದು. ಅಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಶಾಖವು ೪೦ ಡಿಗ್ರಿಯನ್ನು ಮುಟ್ಟುವುದೂ ಅದನ್ನು ದಾಟುವುದೂ ಅಪೂರ್ವವಲ್ಲ. ಆ ಶಾಖದೊಡನೆ ಧೂಳು, ಹೊಗೆ, ಬಿರುಗಾಳಿಗಳೂ ಸೇರಿ ಬರುತ್ತವೆ. ಚಳಿಗಾಲದಲ್ಲಿ ಎಚ್ಚರವಾಗಿದ್ದವನು ಬೇಸಗೆಯಲ್ಲಿ ಮೈಮರೆತಿರುವಾಗಲೇ ಉಬ್ಬಸವು ಅವನನ್ನು ಹಿಡಿಯುತ್ತದೆ.

ನಾವು ವೈದ್ಯವೃತ್ತಿಯವರಲ್ಲ, ಕಾಲೇಜಿನಲ್ಲಿ ಪಾಠ ಹೇಳುವವರು. ಆದುದರಿಂದ ಹೊಸ ಚಿಕಿತ್ಸೆಯೊಂದನ್ನು ಉಪದೇಶಿಸುವ ಅಧಿಕಾರವು ನಮಗಿಲ್ಲ. ವೈದ್ಯಶಾಸ್ತ್ರವು ಇಂದು ಒಪ್ಪಿಕೊಂಡಿರುವ ಕೆಲವು ಮಾತುಗಳನ್ನು, ಗೃಹಸ್ಥರು ತಮ್ಮ ಮನೆಯಲ್ಲಿ ಉಪಯೋಗಿಸಿಕೊಳ್ಳುವಂತೆ ವಿವರಿಸುವುದಷ್ಟೇ ನಮ್ಮ ಉದ್ದೇಶ. ಅವೆಲ್ಲದರ ಸಾರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೌಮ್ಯವಾದ ಉಬ್ಬಸವನ್ನು ಮನೆಯಲ್ಲಿಯೇ ಶಮನ ಮಾಡಿಕೊಳ್ಳಬಹುದು. ಆದರೆ ಆ ಉಪಚಾರವನ್ನು ಗಡಿಯಾರವನ್ನು ನೋಡಿಕೊಂಡು ನಡಸಬೇಕೇ ಹೊರತು, ರೋಗಿಯ ತಾಳ್ಮೆಯನ್ನು ನೋಡಿಕೊಂಡು ನಡಸಬಾರದು. ಆಸ್ಪತ್ರೆಯು ದೂರವಿರುವ ಊರುಗಳಲ್ಲಿ ಈ ಮಾತಿನ ಬೆಲೆಯು ಇನ್ನೂ ಹೆಚ್ಚು.

ಉಬ್ಬಸವು ಹೊಸ ರೋಗವಲ್ಲ. ಆಯುರ್ವೇದವು ಇದನ್ನು ತಮಕ ಶ್ವಾಸವೆಂದು ಕರೆದಿದೆ. ಆಡುಮಾತಿನಲ್ಲಿ ಇದು ದಮ್ಮು, ಗೂರಲು; ಡಾಕ್ಟರು ಇದನ್ನು ಆಸ್ತಮಾ ಎನ್ನುತ್ತಾರೆ. ಹೆಸರು ಯಾವುದಾದರೂ ಒಳಗೆ ನಡೆಯುವ ವ್ಯಾಪಾರವು ಒಂದೇ. ಗಂಗಾವತಿಯ ಕಡೆಯವರಿಗೆ ತುಂಗಭದ್ರೆಯ ಎಡದಂಡೆಯ ಕಾಲುವೆಯೂ ಅದರಿಂದ ಒಡೆಯುವ ಸಣ್ಣ ಕಾಲುವೆಗಳೂ ಪರಿಚಿತವಾಗಿವೆ. ಶ್ವಾಸಕೋಶದ ಒಳಗೂ ಅಂತಹುದೇ ಏರ್ಪಾಡು. ದೊಡ್ಡ ನಾಳವೊಂದು ಕವಲೊಡೆಯುತ್ತ ಒಡೆಯುತ್ತ ಕೂದಲೆಳೆಯಷ್ಟು ಸಣ್ಣ ನಾಳಗಳಾಗಿ ಗಾಳಿಯನ್ನು ಹಂಚುತ್ತದೆ. ಉಬ್ಬಸವುಳ್ಳವರಲ್ಲಿ ಈ ನಾಳಗಳ ಒಳಮೈ ಸದಾ ಸ್ವಲ್ಪ ಊದಿಕೊಂಡು ಕೆಂಪಾಗಿರುತ್ತದೆ. ಧೂಳೋ ಹೊಗೆಯೋ ನೆಗಡಿಯೋ ತಗುಲಿದೊಡನೆ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಕಾಲುವೆಯ ದಂಡೆಯು ಒಳಕ್ಕೆ ಉಬ್ಬಿದಂತೆ ನಾಳದ ಪೊರೆಯು ಇನ್ನಷ್ಟು ಊದಿಕೊಳ್ಳುತ್ತದೆ. ತೂಬಿನ ಬಾಗಿಲನ್ನು ಇಳಿಸಿದಂತೆ ನಾಳವನ್ನು ಸುತ್ತಿರುವ ಸ್ನಾಯುಗಳು ಬಿಗಿಯುತ್ತವೆ. ಹೂಳು ತುಂಬಿದಂತೆ ಅಂಟಾದ ಕಫವು ದಾರಿಯಲ್ಲಿ ನಿಲ್ಲುತ್ತದೆ. ಆಗ ಗಾಳಿಯು ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಹೆಚ್ಚು ಕಷ್ಟ. ಉಸಿರನ್ನು ಬಿಡುವಾಗ ಕೇಳಿಬರುವ ಸಿಳ್ಳಿನ ಸದ್ದು, ಎದೆಯ ಬಿಗಿತ, ರಾತ್ರಿಯ ಕೆಮ್ಮು ಇವೆಲ್ಲಕ್ಕೂ ಇದೇ ಕಾರಣ.

ಬೇಸಗೆಯು ಈ ನಾಳಗಳಿಗೆ ಏನು ಮಾಡುತ್ತದೆ? ಮೊದಲನೆಯದಾಗಿ, ಬಿಸಿಗಾಳಿಯು ತಾನೇ ಒಂದು ಪ್ರಚೋದಕ. ಅಮೆರಿಕದಲ್ಲಿ ೨೦೧೨ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸೌಮ್ಯವಾದ ಉಬ್ಬಸವುಳ್ಳ ಕೆಲವರು ೪೯ ಡಿಗ್ರಿ ಶಾಖದ ತೇವಭರಿತವಾದ ಗಾಳಿಯನ್ನು ನಾಲ್ಕು ನಿಮಿಷಗಳ ಕಾಲ ರಭಸವಾಗಿ ಸೇವಿಸಿದರು. ಒಡನೆಯೇ ಅವರ ಶ್ವಾಸನಾಳಗಳು ಬಿಗಿದುಕೊಂಡುವು, ಆರೋಗ್ಯವಂತರಲ್ಲಿ ಹಾಗಾಗಲಿಲ್ಲ. ನಮ್ಮ ಸೀಮೆಯ ಹೊರಗಿನ ಬಿಸಿಲು ಒಣ ಬಿಸಿಲು, ನಿಜ. ಆದರೆ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ, ಒಂದು ಒಲೆಯ ಮೇಲೆ ಅನ್ನ ಕುದಿಯುತ್ತಿರಲು ಇನ್ನೊಂದರ ಮುಂದೆ ಕುಳಿತು ರೊಟ್ಟಿ ಬಡಿಯುವ ಗೃಹಿಣಿಯು ಮಧ್ಯಾಹ್ನ ಸೇವಿಸುವ ಗಾಳಿಯು ಆ ಪ್ರಯೋಗದ ಗಾಳಿಗೆ ಬಹಳ ದೂರವಾದುದಲ್ಲ. ಹೊರಗಿನ ಒಣಗಾಳಿಯೂ ನಿರಪಾಯವಲ್ಲ. ಅದು ಮೂಗು ಗಂಟಲುಗಳ ಪಸೆಯನ್ನು ಹೀರುತ್ತದೆ. ಬೆವರಿನಲ್ಲಿ ನೀರು ಹೋದ ದೇಹದಲ್ಲಿ ಕಫವೂ ಗಟ್ಟಿಯಾಗುತ್ತದೆ. ವಾಹನಗಳ ಹೊಗೆಯ ಮೇಲೆ ತೀಕ್ಷ್ಣವಾದ ಬಿಸಿಲು ಬಿದ್ದಾಗ ಓಜೋನ್ ಎಂಬ ಅನಿಲವು ನೆಲದ ಸಮೀಪದಲ್ಲಿಯೇ ಹುಟ್ಟುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದರ ಪ್ರಮಾಣವು ಏರುತ್ತದೆ. ಅದು ಶ್ವಾಸನಾಳವನ್ನು ಉರಿಸುವಂತಹುದು.

ಇನ್ನು ಒಂದೊಂದು ತಾಲ್ಲೂಕಿಗೂ ಅದರದರ ಧೂಳಿದೆ. ಗಂಗಾವತಿಯನ್ನು ಭತ್ತದ ಕಣಜವೆನ್ನುತ್ತಾರೆ. ಎರಡನೆಯ ಬೆಳೆಗೆ ಕಾಲುವೆಯ ನೀರು ದೊರೆತ ವರ್ಷಗಳಲ್ಲಿ ಕೊಯ್ಲು ಬರುವುದು ಸರಿಯಾಗಿ ಏಪ್ರಿಲ್ ಮೇ ತಿಂಗಳುಗಳಲ್ಲಿ. ಆಗ ಕೊಯ್ಲಿನ ಯಂತ್ರಗಳ ಧೂಳು, ಗದ್ದೆಯಲ್ಲಿ ಸುಡುವ ಹುಲ್ಲಿನ ಹೊಗೆ, ಅಕ್ಕಿಯ ಗಿರಣಿಗಳ ತೌಡು ಮತ್ತು ಹೊಟ್ಟಿನ ಬೂದಿ ಇವೆಲ್ಲವೂ ಬಿಸಿಲಿನೊಡನೆ ಕೂಡುತ್ತವೆ. ಕೊಪ್ಪಳದ ಬಳಿ ಗಿಣಿಗೇರಿ, ಹಿರೇಬಗನಾಳಗಳ ಸುತ್ತಿನಲ್ಲಿ ಕಬ್ಬಿಣದ ಕಾರ್ಖಾನೆಗಳಿದ್ದು, ಮನೆಯ ಮಾಳಿಗೆಯ ಮೇಲೆಯೂ ಬೆಳೆಯ ಮೇಲೆಯೂ ಕಪ್ಪು ಧೂಳು ಕೂರುತ್ತದೆಂಬುದು ಅಲ್ಲಿಯ ಜನರ ಬಹುದಿನದ ದೂರು. ಕುಷ್ಟಗಿಯ ಕಡೆ ಗ್ರಾನೈಟ್ ಕಲ್ಲಿನ ಗಣಿಗಳಿವೆ. ಯಲಬುರ್ಗಾ ಕುಷ್ಟಗಿಗಳ ಬಯಲುಗಳಲ್ಲಿ ಬೆಳೆಯನ್ನು ತೆಗೆದ ಮೇಲೆ ನೆಲವು ಬರಿದಾಗಿ, ಟ್ರಾಕ್ಟರಿನ ಉಳುಮೆಗೂ ಸುಂಟರಗಾಳಿಗೂ ಮಣ್ಣು ಮೇಲೇಳುತ್ತದೆ. ಹೊಲದ ಬದುಗಳಲ್ಲಿಯೂ ಊರ ಹೊರಗೂ ದಟ್ಟವಾಗಿ ಬೆಳೆದ ಬಳ್ಳಾರಿ ಜಾಲಿಯ ಪರಾಗವು ಉಬ್ಬಸವನ್ನು ಕೆರಳಿಸುವುದೆಂದು ನಮ್ಮ ದೇಶದ ವೈದ್ಯರು ಕಂಡುಕೊಂಡಿದ್ದಾರೆ.

ಮುಂಗಾರಿಗೆ ಮೊದಲು ಬೀಳುವ ಗುಡುಗಿನ ಮಳೆಯನ್ನೂ ಇಲ್ಲಿ ನೆನೆಯಬೇಕು. ಬಿಸಿಲಿನಲ್ಲಿ ಬೆಂದ ಜನಕ್ಕೆ ಅದು ಹಿತವೆಂದು ತೋರಿ, ಎಲ್ಲರೂ ಅಂಗಳಕ್ಕೆ ಬಂದು ನಿಲ್ಲುವರು. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ೨೦೧೬ನೆಯ ನವೆಂಬರ್ ೨೧ರ ಬಿಸಿಲಿನ ದಿನದ ಸಂಜೆ ಇಂತಹ ಗುಡುಗುಗಾಳಿಯೊಂದು ಎದ್ದಿತು. ಹುಲ್ಲಿನ ಪರಾಗದ ಕಣಗಳು ತೇವಕ್ಕೆ ಒಡೆದು ಸೂಕ್ಷ್ಮವಾದ ಪುಡಿಯಾಗಿ ಗಾಳಿಯಲ್ಲಿ ಹರಡಿದುವು. ಕೆಲವೇ ತಾಸುಗಳಲ್ಲಿ ಸಾವಿರಾರು ಜನರು ಉಸಿರಾಡಲಾರದೆ ಆಸ್ಪತ್ರೆಗಳಿಗೆ ಧಾವಿಸಿದರು. ಹತ್ತು ಮಂದಿ ತೀರಿಕೊಂಡರು. ನಮ್ಮ ಸೀಮೆಯಲ್ಲಿ ಅಷ್ಟೊಂದು ದೊಡ್ಡ ಅನಾಹುತವಾಗಬೇಕೆಂದೇನೂ ಇಲ್ಲ. ಆದರೂ ಉಬ್ಬಸವುಳ್ಳವರು ಬಿರುಗಾಳಿ ಏಳುವ ಮುನ್ನವೇ ಒಳಗೆ ಬಂದು, ಕಿಟಕಿಗಳನ್ನು ಮುಚ್ಚಿಕೊಂಡು, ಗಾಳಿ ಅಡಗಿದ ಮೇಲೆ ತೆರೆಯುವುದು ಜಾಣತನ.

ಈಗ ಔಷಧದ ವಿಚಾರ. ಉಬ್ಬಸದ ಔಷಧಗಳಲ್ಲಿ ಎರಡು ಬಗೆಯುಂಟು. ಇವೆರಡರ ಭೇದವನ್ನು ತಿಳಿಯದೆ ಇರುವುದರಿಂದಲೇ ಬಹುಪಾಲು ಕಷ್ಟಗಳು ಬರುತ್ತವೆ. ಮೊದಲನೆಯ ಬಗೆಯದು ತೂಬಿನ ಬಾಗಿಲನ್ನು ಎತ್ತುವ ಔಷಧ. ೧೯೬೯ರಲ್ಲಿ ಬಳಕೆಗೆ ಬಂದ ಸಾಲ್ಬುಟಮಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಕೆಲವೇ ನಿಮಿಷಗಳಲ್ಲಿ ಸ್ನಾಯುಗಳನ್ನು ಸಡಿಲಿಸುತ್ತದೆ. ನಾಲ್ಕಾರು ತಾಸುಗಳಲ್ಲಿ ಅದರ ಶಕ್ತಿಯು ಮುಗಿಯುತ್ತದೆ. ದಂಡೆಯ ಊತವನ್ನಾಗಲಿ ಹೂಳನ್ನಾಗಲಿ ಅದು ತೆಗೆಯಲಾರದು. ಎರಡನೆಯದು ಆ ಊತವನ್ನೇ ಇಳಿಸುವ ಔಷಧ. ಅದು ಸೇದುವ ರೂಪದ ಸ್ಟೀರಾಯಿಡು. ಬ್ಯೂಡಿಸೊನೈಡ್ ಮೊದಲಾದ ಹೆಸರುಗಳಿಂದ ದೊರೆಯುತ್ತದೆ. ಅದನ್ನು ಪ್ರತಿನಿತ್ಯವೂ ತೆಗೆದುಕೊಂಡರೆ ದಿನಗಳು, ವಾರಗಳು ಕಳೆದಂತೆ ಗುಣವು ಕಾಣುತ್ತದೆ. ತತ್‌ಕ್ಷಣಕ್ಕೆ ಏನೂ ತೋರದೆ ಇರುವುದರಿಂದಲೇ ಜನರು ಅದನ್ನು ಬಿಟ್ಟು, ತತ್‌ಕ್ಷಣಕ್ಕೆ ಹಿತವಾದುದನ್ನೇ ಹಿಡಿಯುತ್ತಾರೆ. ಇದು ಕೂಡದೆಂದು ಆಸ್ತಮಾವನ್ನು ಕುರಿತ ಅಂತರರಾಷ್ಟ್ರೀಯ ತಜ್ಞರ ಮಂಡಲಿಯು ೨೦೧೯ರಲ್ಲಿ ಸ್ಪಷ್ಟವಾಗಿ ಹೇಳಿತು. ಹನ್ನೆರಡು ವರ್ಷ ಮೀರಿದವರು ಯಾರೂ, ರೋಗವು ಎಷ್ಟೇ ಸೌಮ್ಯವಾಗಿದ್ದರೂ, ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡಿರಬಾರದು. ಸೇದುವ ಸ್ಟೀರಾಯಿಡು ಯಾವುದಾದರೊಂದು ರೀತಿಯಲ್ಲಿ ಜೊತೆಗಿರಬೇಕೆಂಬುದು ಅವರ ಮತ. ಬ್ಯೂಡಿಸೊನೈಡಿನೊಡನೆ ಫಾರ್ಮೊಟೆರಾಲ್ ಎಂಬುದನ್ನು ಕೂಡಿಸಿದ ಔಷಧವು ತೂಬನ್ನೂ ಎತ್ತುತ್ತದೆ, ಊತವನ್ನೂ ಇಳಿಸುತ್ತದೆ. ಆದರೆ ಜೋಡಿ ಔಷಧಗಳೆಲ್ಲವೂ ತತ್‌ಕ್ಷಣದ ಉಪಶಮನಕ್ಕೆ ಬರುವುದಿಲ್ಲ. ತಮ್ಮದು ಯಾವುದೆಂಬುದನ್ನು ವೈದ್ಯರನ್ನು ಕೇಳಿ ತಿಳಿಯಬೇಕು.

ಜನರು ಪಂಪು ಎಂದು ಕರೆಯುವ ಇನ್‌ಹೇಲರ್ ೧೯೫೬ರಲ್ಲಿ ಬಳಕೆಗೆ ಬಂದಿತು. ಅದನ್ನು ಕಂಡರೆ ಇಂದಿಗೂ ನಮ್ಮವರಿಗೆ ಭಯ. ಒಮ್ಮೆ ಹಿಡಿದರೆ ಬಿಡುವುದಿಲ್ಲ, ಅದು ಕಡೆಯ ಔಷಧ, ಹೆಣ್ಣುಮಕ್ಕಳ ಕೈಯಲ್ಲಿ ಕಂಡರೆ ಮದುವೆಯಾಗುವುದಿಲ್ಲ ಎಂಬ ಮಾತುಗಳು ವಿದ್ಯಾವಂತರ ಮನೆಗಳಲ್ಲಿಯೂ ಕೇಳಿಬರುತ್ತವೆ. ಲೆಕ್ಕವನ್ನು ನೋಡಿದರೆ ಈ ಭಯವು ನಿಲ್ಲದು. ನುಂಗುವ ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ ೪ ಮಿಲಿಗ್ರಾಂ ಔಷಧವಿದ್ದರೆ, ಪಂಪನ್ನು ಒಮ್ಮೆ ಒತ್ತಿದಾಗ ಬರುವುದು ೧೦೦ ಮೈಕ್ರೋಗ್ರಾಂ, ಎಂದರೆ ಅದರ ನಲವತ್ತರಲ್ಲಿ ಒಂದು ಪಾಲು. ಮಾತ್ರೆಯು ಹೊಟ್ಟೆಗೆ ಇಳಿದು ರಕ್ತದ ಮೂಲಕ ಮೈಯೆಲ್ಲ ಸುತ್ತಿ ಬರಬೇಕು. ಕೈ ನಡುಗಿಸುತ್ತದೆ, ಎದೆಯನ್ನು ಡವಗುಟ್ಟಿಸುತ್ತದೆ. ಪಂಪಿನ ಔಷಧವು ಬೇಕಾದ ಜಾಗಕ್ಕೆ ನೇರವಾಗಿ ಹೋಗುತ್ತದೆ. ಇದು ಚಟವನ್ನು ಹಿಡಿಸುವ ವಸ್ತುವಲ್ಲ. ಕನ್ನಡಕವನ್ನು ಹಾಕಿಕೊಳ್ಳುವವನು ಕನ್ನಡಕದ ಚಟಕ್ಕೆ ಬಿದ್ದನೆಂದು ನಾವು ಹೇಳುವುದಿಲ್ಲವಷ್ಟೆ.

ಮೃಗಶಿರ ಮಳೆ ಕೂಡುವ ದಿನ ಕೊಪ್ಪಳ ತಾಲ್ಲೂಕಿನ ಕುಟಗನಹಳ್ಳಿಯಲ್ಲಿ ಉಬ್ಬಸಕ್ಕೆ ಔಷಧವನ್ನು ಕೊಡುವ ರೂಢಿಯುಂಟು. ಅದೇ ಕಾಲದಲ್ಲಿ ಹೈದರಾಬಾದಿನಲ್ಲಿ ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಔಷಧವು ದೇಶಕ್ಕೆಲ್ಲ ಪ್ರಸಿದ್ಧ. ನಂಬಿಕೆಯಿಂದ ಹೋಗುವವರನ್ನು ಹಾಸ್ಯ ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಎರಡು ಮಾತುಗಳನ್ನು ಹೇಳಬೇಕು. ಉಬ್ಬಸವು ತಾನಾಗಿಯೇ ಏರಿ ಇಳಿಯುವ ರೋಗ. ಬಿಸಿಲು ಧೂಳುಗಳು ಅಡಗಿದಾಗ ಕೆಲವರಿಗೆ ಔಷಧವಿಲ್ಲದೆಯೂ ಉಪಶಮನವು ದೊರೆಯುತ್ತದೆ. ಆದುದರಿಂದ ಜೂನಿನಲ್ಲಿ ಕಂಡ ಗುಣವು ಯಾವುದರಿಂದ ಬಂದಿತೆಂದು ನಿರ್ಣಯಿಸುವುದು ಸುಲಭವಲ್ಲ. ಎರಡನೆಯದು, ಇದಕ್ಕಿಂತಲೂ ಮುಖ್ಯವಾದುದು: ಯಾವ ಔಷಧವನ್ನು ಸ್ವೀಕರಿಸಿದರೂ ಪ್ರತಿನಿತ್ಯದ ಇನ್‌ಹೇಲರನ್ನು ತಾವಾಗಿಯೇ ನಿಲ್ಲಿಸಬಾರದು. ಅದನ್ನು ನಿಲ್ಲಿಸಿದ ಕೆಲವು ವಾರಗಳ ಮೇಲೆ ನಾಳಗಳ ಊತವು ಸದ್ದಿಲ್ಲದೆ ಮರಳುತ್ತದೆ.

ಇನ್ನು, ಉಬ್ಬಸವು ಕೆರಳಿದಾಗ ಮಾಡಬೇಕಾದುದೇನು? ಅದು ಸೌಮ್ಯವೋ ಅಲ್ಲವೋ ಎಂಬುದನ್ನು ಮೊದಲು ನಿರ್ಧರಿಸಬೇಕು. ರೋಗಿಯು ಪೂರ್ತಿ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲನೆ? ಮನೆಯೊಳಗೆ ನಡೆಯಬಲ್ಲನೆ? ಮುಖದ ಬಣ್ಣವೂ ತಿಳಿವಳಿಕೆಯೂ ಸರಿಯಾಗಿವೆಯೆ? ಇವೆಲ್ಲಕ್ಕೂ ಹೌದೆಂಬುದೇ ಉತ್ತರವಾಗಿದ್ದು, ಸ್ವಲ್ಪ ಸಿಳ್ಳು, ಕೆಮ್ಮು, ಎದೆಯ ಬಿಗಿತ ಮಾತ್ರ ಇದ್ದರೆ ಅದು ಸೌಮ್ಯ. ಪೀಕ್ ಫ್ಲೋ ಮೀಟರ್ ಎಂಬ, ಉಸಿರಿನ ರಭಸವನ್ನು ಅಳೆಯುವ ಸಣ್ಣ ಕೊಳವೆಯುಳ್ಳವರಿಗೆ ಇನ್ನೂ ಅನುಕೂಲ. ಆರೋಗ್ಯವಾಗಿದ್ದಾಗಿನ ತಮ್ಮ ಅತ್ಯುತ್ತಮ ಅಂಕಿಯ ನೂರಕ್ಕೆ ೮೦ ಭಾಗಕ್ಕಿಂತ ಮೇಲಿದ್ದರೆ ಕ್ಷೇಮ. ೫೦ರಿಂದ ೮೦ರವರೆಗೆ ಎಚ್ಚರ. ೫೦ಕ್ಕಿಂತ ಕೆಳಗಿಳಿದರೆ ಅಪಾಯ.

ಸೌಮ್ಯವೆಂದು ಕಂಡುಬಂದಾಗ ರೋಗಿಯನ್ನು ಬಿಸಿಲು, ಹೊಗೆ, ಒಲೆಗಳಿಂದ ದೂರಕ್ಕೆ, ಮನೆಯಲ್ಲಿ ಅತ್ಯಂತ ತಂಪಾದ ಕೋಣೆಗೆ ಕರೆತರಬೇಕು. ತಗಡಿನ ಮಾಡಿನ ಕೆಳಗೆ ಕೂರಿಸಬಾರದು. ಮಲಗಿಸದೆ ನೆಟ್ಟಗೆ ಕುಳ್ಳಿರಿಸಿ, ಸ್ವಲ್ಪ ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲಾಗಲಿ ಮೇಜಿನ ಮೇಲಾಗಲಿ ಊರಿಕೊಳ್ಳುವಂತೆ ಹೇಳಬೇಕು. ಕೊರಳಿನ ಗುಂಡಿಗಳನ್ನು ಸಡಿಲಿಸಬೇಕು. ಸುತ್ತಲೂ ಜನರು ಮುತ್ತಬಾರದು. ಆ ಮೇಲೆ ಗಡಿಯಾರವನ್ನು ನೋಡಿ ಔಷಧವನ್ನು ಪ್ರಾರಂಭಿಸಬೇಕು. ವೈದ್ಯರು ಬರೆದುಕೊಟ್ಟ ಕ್ರಮವಿದ್ದರೆ ಅದೇ ಪ್ರಮಾಣ. ಇಲ್ಲದವರು ಆಸ್ಟ್ರೇಲಿಯದಲ್ಲಿ ಶಾಲೆಯ ಉಪಾಧ್ಯಾಯರಿಗೂ ಕಲಿಸುವ ನಾಲ್ಕು ನಾಲ್ಕರ ಸೂತ್ರವನ್ನು ನೆನಪಿನಲ್ಲಿಡಬಹುದು. ಸಾಲ್ಬುಟಮಾಲ್ ಪಂಪನ್ನು ಅಲುಗಾಡಿಸಿ, ಸ್ಪೇಸರ್ ಎಂಬ ಟೊಳ್ಳು ಡಬ್ಬಿಯ ಮೂಲಕ ಒಂದು ಸಲ ಒತ್ತಿ, ನಾಲ್ಕು ಸಲ ನಿಧಾನವಾಗಿ ಉಸಿರಾಡುವುದು. ಹೀಗೆ ಒಟ್ಟು ನಾಲ್ಕು ಸಲ ಒತ್ತಬೇಕು. ನಾಲ್ಕನ್ನೂ ಒಟ್ಟಿಗೆ ಒತ್ತಿಬಿಡಬಾರದು. ಅನಂತರ ನಾಲ್ಕು ನಿಮಿಷ ಕಾಯುವುದು. ಗುಣ ಕಾಣದಿದ್ದರೆ ಕೂಡಲೇ ಆಂಬುಲೆನ್ಸನ್ನು ಕರೆದು, ಅದು ಬರುವವರೆಗೂ ಅದೇ ಕ್ರಮವನ್ನು ಮುಂದುವರಿಸುವುದು. ಈ ಸೂತ್ರವು ಸಾಲ್ಬುಟಮಾಲಿಗೆ ಮಾತ್ರ ಸಲ್ಲುತ್ತದೆ. ಜೋಡಿ ಔಷಧವನ್ನು ಬಳಸುವವರು ತಮ್ಮ ಲೆಕ್ಕವನ್ನು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಬೇಕು.

ಸ್ಪೇಸರ್ ಇಲ್ಲದೆ ಪಂಪನ್ನು ಬಳಸಿದರೆ ಔಷಧದ ಬಹುಭಾಗವು ಗಂಟಲಿಗೇ ಬಡಿದು ವ್ಯರ್ಥವಾಗುತ್ತದೆ. ಕೊಳ್ಳಲು ದೊರೆಯದಿದ್ದಲ್ಲಿ ಅರ್ಧ ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಯೇ ಆ ಕೆಲಸವನ್ನು ಮಾಡಬಲ್ಲದೆಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನ ವೈದ್ಯರು ಮಕ್ಕಳ ಮೇಲೆ ಪರೀಕ್ಷಿಸಿ ೧೯೯೯ರಲ್ಲಿ ಪ್ರಕಟಿಸಿದರು. ಬಾಟಲಿಯ ತಳದಲ್ಲಿ ಪಂಪಿನ ಬಾಯಿಯು ಬಿಗಿಯಾಗಿ ಕೂರುವಷ್ಟು ರಂಧ್ರವನ್ನು ಮಾಡಿ, ಸಂದಿನಲ್ಲಿ ಗಾಳಿ ಸೋರದಂತೆ ಅಂಟಿಸಿ, ಬಾಟಲಿಯ ಬಾಯನ್ನು ತುಟಿಗಳಿಂದ ಮುಚ್ಚಿ ಉಸಿರಾಡಿದರಾಯಿತು. ಎರಡು ಮೂರು ವರ್ಷದ ಕೂಸುಗಳಿಗೆ ಮುಖವಾಡವುಳ್ಳ ಸ್ಪೇಸರ್ ಬೇಕು. ನಮ್ಮಲ್ಲಿ ಪುಡಿಯ ಗುಳಿಗೆಯನ್ನು ಸಾಧನದಲ್ಲಿಟ್ಟು ಸೆಳೆಯುವ ಪದ್ಧತಿಯೂ ಹೆಚ್ಚು. ಇವೆರಡರ ಉಸಿರಿನ ಕ್ರಮವು ಒಂದಕ್ಕೊಂದು ವಿರುದ್ಧವೆಂಬುದನ್ನು ಅನೇಕರು ಅರಿಯರು. ಪಂಪಿನ ಔಷಧವನ್ನು ನಿಧಾನವಾಗಿ ಸೇದಬೇಕು; ಪುಡಿಯನ್ನು ರಭಸದಿಂದ ಎಳೆಯಬೇಕು. ಎರಡರಲ್ಲಿಯೂ ಸಾಧ್ಯವಾದರೆ ಹತ್ತು ಎಣಿಸುವಷ್ಟು ಹೊತ್ತು ಉಸಿರನ್ನು ಹಿಡಿಯಬೇಕು. ಉಬ್ಬಸವು ಹೆಚ್ಚಾದಾಗ ಪುಡಿಯನ್ನು ಎಳೆಯುವ ಶಕ್ತಿಯೇ ಇರುವುದಿಲ್ಲ; ಆದುದರಿಂದ ಮನೆಯಲ್ಲಿ ಪಂಪು ಸ್ಪೇಸರುಗಳ ಜೋಡಿಯೊಂದು ಇರುವುದು ಕ್ಷೇಮ.

ಮಾಡಬಾರದವುಗಳೂ ಕೆಲವು ಇವೆ. ಕುದಿಯುವ ನೀರಿನ ಹಬೆಯನ್ನು ಹಿಡಿಸಬಾರದು. ಅದರಿಂದ ನಾಳವು ತೆರೆಯುವುದಿಲ್ಲ, ಮಗುವಿನ ಮೈ ಸುಡುವ ಭಯವೂ ಉಂಟು. ಓಮದ ಹೊಗೆ, ಲೋಬಾನದ ಹೊಗೆಗಳು ಹೊಗೆಯೇ ಹೊರತು ಔಷಧವಲ್ಲ. ನಿದ್ರೆಯ ಮಾತ್ರೆಯನ್ನು ಎಂದಿಗೂ ಕೊಡಬಾರದು. ಮೈನೋವಿಗೆಂದು ನುಂಗುವ ಆಸ್ಪಿರಿನ್, ಐಬುಪ್ರೊಫೇನ್‌ಗಳು ಕೆಲವರಲ್ಲಿ ಉಬ್ಬಸವನ್ನು ಕೆರಳಿಸುತ್ತವೆ. ಔಷಧದಂಗಡಿಯಿಂದ ಸ್ಟೀರಾಯಿಡು ಮಾತ್ರೆಗಳನ್ನು ತಾವೇ ತಂದು ಬೇಕಾದಾಗ ನುಂಗುವ ಅಭ್ಯಾಸವು ಕ್ರಮೇಣ ಎಲುಬು, ಕಣ್ಣು, ರಕ್ತದ ಸಕ್ಕರೆ ಇವೆಲ್ಲವನ್ನೂ ಕೆಡಿಸುತ್ತದೆ. ಇತ್ತ, ಮೊಸರು ಬಾಳೆಹಣ್ಣುಗಳು ಶೀತವೆಂದು ಎಲ್ಲರಿಗೂ ಬಿಡಿಸುವುದು ಅನಗತ್ಯ. ತನಗೆ ಒಗ್ಗದುದು ಯಾವುದೆಂದು ರೋಗಿಯು ಅನುಭವದಿಂದ ಕಂಡಿದ್ದರೆ ಅದನ್ನು ಮಾತ್ರ ಬಿಟ್ಟರೆ ಸಾಕು. ಬೇಸಗೆಯಲ್ಲಿ ನೀರು, ಮಜ್ಜಿಗೆ, ತಿಳಿಯಾದ ಅಂಬಲಿಗಳು ದೇಹಕ್ಕೆ ಬಹಳ ಅವಶ್ಯ.

ಔಷಧದಿಂದ ಗುಣವಾಗಿ, ಆ ಗುಣವು ಮೂರು ನಾಲ್ಕು ತಾಸುಗಳವರೆಗೆ ನಿಂತರೆ ಮನೆಯ ಉಪಚಾರವು ಸಫಲವಾಯಿತೆಂದು ತಿಳಿಯಬಹುದು. ಮೂರು ತಾಸುಗಳೊಳಗೇ ಮತ್ತೆ ಪಂಪು ಬೇಕಾದರೆ ಅದು ಸೌಮ್ಯವಲ್ಲ. ಅಂದೇ ವೈದ್ಯರನ್ನು ಕಾಣಬೇಕು. ಮಾತು ತುಂಡುತುಂಡಾದರೆ, ಉಸಿರನ್ನು ಎಳೆದಾಗ ಪಕ್ಕೆಲುಬಿನ ಸಂದುಗಳೂ ಕೊರಳಿನ ಕುಳಿಯೂ ಒಳಕ್ಕೆ ಹೋದರೆ, ತುಟಿ ಉಗುರುಗಳು ನೀಲಿಗಟ್ಟಿದರೆ, ಮಂಕು ಕವಿದರೆ, ಕೂಸು ಹಾಲು ಕುಡಿಯಲಾರದೆ ಹೋದರೆ ಒಂದು ನಿಮಿಷವನ್ನೂ ಕಳೆಯಬಾರದು. ಬೆರಳಿಗೆ ಹಾಕಿ ನೋಡುವ ಆಕ್ಸಿಮೀಟರ್ ಯಂತ್ರವು ೯೨ಕ್ಕಿಂತ ಕಡಮೆಯನ್ನು ತೋರಿಸಿದರೂ ಹಾಗೆಯೇ. ಆದರೆ ಅದರ ಅಂಕಿಯು ಚೆನ್ನಾಗಿದೆಯೆಂದು ಉಳಿದ ಲಕ್ಷಣಗಳನ್ನು ಅಲಕ್ಷಿಸಬಾರದು. ಇನ್ನೊಂದು ಮೋಸದ ಲಕ್ಷಣವುಂಟು. ಜೋರಾಗಿ ಕೇಳುತ್ತಿದ್ದ ಸಿಳ್ಳು ಒಮ್ಮೆಲೇ ನಿಂತು, ರೋಗಿಯು ಮಾತ್ರ ಇನ್ನೂ ಬಳಲುತ್ತಿದ್ದರೆ ಅದು ಗುಣವಲ್ಲ. ಸಿಳ್ಳು ಹೊರಡುವಷ್ಟು ಗಾಳಿಯೂ ಒಳಗೆ ಆಡುತ್ತಿಲ್ಲವೆಂದು ಅರ್ಥ. ಹಿಂದೆಂದೂ ಉಬ್ಬಸವಿಲ್ಲದ ವಯಸ್ಸಾದವರಿಗೆ ಮೊದಲ ಬಾರಿಗೆ ದಮ್ಮು ಬಂದರೆ ಅದು ಹೃದಯದ ಕಾಯಿಲೆಯೂ ಆಗಿರಬಹುದು. ಅಲ್ಲಿ ಮನೆಯ ಉಪಚಾರಕ್ಕೆ ಎಡೆಯಿಲ್ಲ.

ದಾರಿಯ ಲೆಕ್ಕವನ್ನೂ ಮೊದಲೇ ಹಾಕಿಕೊಂಡಿರಬೇಕು. ತಾಲ್ಲೂಕಿನ ಊರುಗಳಲ್ಲಿ ಸರಕಾರದ ಆಸ್ಪತ್ರೆಗಳಿವೆ. ಕೊಪ್ಪಳದಲ್ಲಿ ೨೦೧೫ರಿಂದ ವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಆದರೆ ಕುಷ್ಟಗಿಯಿಂದ ಕೊಪ್ಪಳಕ್ಕೆ ಸುಮಾರು ಒಂದು ತಾಸಿನ ದಾರಿ. ಒಳಹಳ್ಳಿಗಳಿಂದ ಇನ್ನೂ ಹೆಚ್ಚು. ಕರ್ನಾಟಕದಲ್ಲಿ ೨೦೦೮ರಿಂದ ೧೦೮ ಎಂಬ ಸಂಖ್ಯೆಗೆ ಕರೆಮಾಡಿದರೆ ಆಂಬುಲೆನ್ಸ್ ಬರುವ ಏರ್ಪಾಡಿದೆ. ನಗರದ ಮಧ್ಯದಲ್ಲಿರುವವನು ಹತ್ತು ನಿಮಿಷ ಕಾದು ನೋಡಬಹುದಾದ ಸ್ಥಿತಿಯಲ್ಲಿ ಹಳ್ಳಿಯಲ್ಲಿರುವವನು ಕಾಯಲಾಗದು. ದೂರವಿರುವವನು ಮೊದಲು ಹೊರಡಬೇಕು. ರಾತ್ರಿಯ ಎರಡು ಗಂಟೆಗೆ ನೆರೆಯವರನ್ನು ಎಬ್ಬಿಸುವುದು ಹೇಗೆಂಬ ಸಂಕೋಚದಿಂದ ಬೆಳಗಾಗುವುದನ್ನು ಕಾಯುವ ಮನೆಗಳಿವೆ. ಉಬ್ಬಸವು ಬಲಿಯುವುದು ಹೆಚ್ಚಾಗಿ ಅದೇ ಹೊತ್ತಿನಲ್ಲಿ ಎಂಬುದನ್ನು ಅವರು ಮನಗಾಣಬೇಕು.

ಬೇಸಗೆ ಬರುವ ಮುನ್ನ ಮನೆಯನ್ನು ಅಣಿಮಾಡಿಕೊಳ್ಳುವುದು ಎಲ್ಲಕ್ಕಿಂತ ಲೇಸು. ಪಂಪನ್ನು ೩೦ ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಇಡಬಾರದೆಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ನಿಲ್ಲಿಸಿದ ಕಾರಿನಲ್ಲಿ, ಮೋಟಾರು ಸೈಕಲ್ಲಿನ ಪೆಟ್ಟಿಗೆಯಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಅದನ್ನು ಬಿಡಬಾರದು. ನೀರಿನ ಹರವಿಯನ್ನಿಟ್ಟ ತಂಪಾದ ಮೂಲೆಯಲ್ಲಿ, ತೇವ ತಗುಲದಂತೆ ಮುಚ್ಚಳವುಳ್ಳ ಡಬ್ಬಿಯಲ್ಲಿಡುವುದು ಯೋಗ್ಯ. ಸ್ಟೀರಾಯಿಡನ್ನು ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು. ಸೊಳ್ಳೆಬತ್ತಿಯನ್ನು ಮಲಗುವ ಕೋಣೆಯಿಂದ ಹೊರಗೆ ಹಾಕಬೇಕು. ಒಂದು ಬತ್ತಿಯು ಉರಿದು ಮುಗಿಯುವುದರೊಳಗೆ ೭೫ರಿಂದ ೧೩೭ ಸಿಗರೇಟುಗಳಷ್ಟು ಸೂಕ್ಷ್ಮವಾದ ಕಣಗಳನ್ನು ಬಿಡುತ್ತದೆಂದು ೨೦೦೩ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿದೆ; ಸೊಳ್ಳೆಪರದೆಯು ನಿರುಪದ್ರವಿ. ನೀರಿನ ಕೂಲರನ್ನು ಬಳಸುವವರು ನೀರನ್ನು ಆಗಾಗ್ಗೆ ಬದಲಿಸಿ, ಹುಲ್ಲಿನ ಪರದೆಯಲ್ಲಿ ಬೂಸು ಕಟ್ಟದಂತೆ ನೋಡಿಕೊಳ್ಳಬೇಕು. ಮೆಣಸಿನಕಾಯಿ ಕುಟ್ಟುವುದು, ಖಾರದ ಒಗ್ಗರಣೆ ಹಾಕುವುದು ರೋಗಿಯಿಲ್ಲದ ಹೊತ್ತಿನಲ್ಲಿ, ಕಿಟಕಿ ತೆರೆದು ನಡೆಯಲಿ. ಹೊರಗಿನ ಕೆಲಸವನ್ನು ಮುಂಜಾನೆಯೇ ಮುಗಿಸಿಕೊಳ್ಳಬೇಕು. ಗಾಳಿ ಎದ್ದಾಗ ಮೂಗು ಬಾಯಿಗಳಿಗೆ ವಸ್ತ್ರವನ್ನು ಕಟ್ಟಿಕೊಳ್ಳಬೇಕು. ಈ ಬಿಸಿಲಿನಿಂದ ಒಂದು ಉಪಕಾರವೂ ಉಂಟು. ಹಾಸಿಗೆಯಲ್ಲಿ ವಾಸಿಸುವ, ಕಣ್ಣಿಗೆ ಕಾಣದ ಧೂಳಿನ ನುಸಿಗಳು ಒಣ ಶಾಖವನ್ನು ತಾಳಲಾರವು. ಕೌದಿ, ದಿಂಬು, ಗಾದಿಗಳನ್ನು ಮಾಳಿಗೆಯ ಮೇಲೆ ದಿನವೆಲ್ಲ ಒಣಗಿಸಿ, ರೋಗಿಯಲ್ಲದವರು ಅಲ್ಲಿಯೇ ಕೊಡವಿ ಒಳಗೆ ತರಬಹುದು.

ಉಬ್ಬಸವು ಶಮನವಾದ ಮೇಲೂ ಒಂದು ಕರ್ತವ್ಯ ಉಳಿದಿರುತ್ತದೆ. ಗೋಡೆಯ ತಿಥಿಪಟ್ಟಿಯಲ್ಲಿ ಪಂಪನ್ನು ಬಳಸಿದ ದಿನಕ್ಕೆ ಒಂದು ಗುರುತನ್ನು ಹಾಕಬೇಕು. ವಾರದಲ್ಲಿ ಎರಡಕ್ಕಿಂತ ಹೆಚ್ಚು ಗುರುತುಗಳು ಬಿದ್ದರೆ, ಅಥವಾ ಕೆಮ್ಮು ರಾತ್ರಿಯ ನಿದ್ರೆಯನ್ನು ಕೆಡಿಸಿದರೆ, ರೋಗವು ಹತೋಟಿಯಲ್ಲಿಲ್ಲವೆಂದು ತಿಳಿದು ಪ್ರತಿನಿತ್ಯದ ಔಷಧದ ವಿಚಾರವಾಗಿ ವೈದ್ಯರನ್ನು ಕಾಣಬೇಕು. ಮುಂದಿನ ಸಲ ಯಾವಾಗ ಏನು ಮಾಡಬೇಕೆಂಬುದನ್ನು ಅವರಿಂದ ಒಂದು ಹಾಳೆಯಲ್ಲಿ ಬರೆಸಿ, ಮನೆಯವರೆಲ್ಲರಿಗೂ ಕಾಣುವಂತೆ ಅಂಟಿಸಿಡಬೇಕು. ಮಗುವು ಶಾಲೆಗೆ ಹೋಗುವುದಾದರೆ ಅದರ ಪ್ರತಿಯೊಂದು ಉಪಾಧ್ಯಾಯರ ಬಳಿಯೂ ಇರಲಿ.

ಜಗತ್ತಿನ ರೋಗಗಳ ಗಣನೆಯನ್ನು ಮಾಡುವ ವಿದ್ವಾಂಸರ ೨೦೧೯ರ ಅಂದಾಜಿನಂತೆ ನಮ್ಮ ದೇಶದಲ್ಲಿ ಮೂರು ಕೋಟಿಗೂ ಮೇಲ್ಪಟ್ಟು ಜನರಿಗೆ ಉಬ್ಬಸವಿದೆ. ಜಗತ್ತಿನ ಉಬ್ಬಸದ ರೋಗಿಗಳಲ್ಲಿ ನೂರಕ್ಕೆ ಸುಮಾರು ೧೩ ಮಂದಿ ನಮ್ಮವರು. ಆದರೆ ಅದರಿಂದ ಸಾಯುವವರಲ್ಲಿ ನೂರಕ್ಕೆ ೪೦ಕ್ಕೂ ಹೆಚ್ಚು ಮಂದಿ ನಮ್ಮವರು. ರೋಗವು ನಮ್ಮಲ್ಲಿ ಹೆಚ್ಚು ಕ್ರೂರವಾದುದೆಂದು ಇದರ ಅರ್ಥವಲ್ಲ. ಪ್ರತಿನಿತ್ಯದ ಔಷಧವು ಅನೇಕರಿಗೆ ದೊರೆಯುವುದಿಲ್ಲ; ದೊರೆತವರಲ್ಲಿಯೂ ಅನೇಕರು ಅದನ್ನು ಬಿಡುತ್ತಾರೆ, ಮರೆಮಾಡುತ್ತಾರೆ, ಹೊರಡಬೇಕಾದಾಗ ತಡಮಾಡುತ್ತಾರೆ. ಬಿಸಿಲನ್ನು ತಣಿಸುವುದು ನಮ್ಮ ಕೈಯಲ್ಲಿಲ್ಲ. ಗಣಿಯ ಧೂಳನ್ನೂ ಗದ್ದೆಯ ಹೊಗೆಯನ್ನೂ ಅಡಗಿಸುವುದು ಒಬ್ಬ ಗೃಹಸ್ಥನಿಂದ ಆಗತಕ್ಕ ಕೆಲಸವಲ್ಲ. ಮನೆಯಲ್ಲಿ ಪಂಪು ಎಲ್ಲಿದೆ, ಅದನ್ನು ಬಳಸುವ ಕ್ರಮವೇನು, ಎಷ್ಟು ನಿಮಿಷ ಕಾಯಬೇಕು, ಯಾವಾಗ ಬಾಗಿಲು ತೆಗೆದು ಹೊರಡಬೇಕು ಎಂಬ ಈ ನಾಲ್ಕು ಸಂಗತಿಗಳು ಮನೆಯ ಪ್ರತಿಯೊಬ್ಬರಿಗೂ ತಿಳಿದಿರುವಂತೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ. ಮುಂದಿನ ಯುಗಾದಿಯ ಒಳಗಾಗಿ ಅಷ್ಟನ್ನು ಮಾಡಿಕೊಂಡರೆ ಸಾಕು.